ಈಗ ಬತ್ತಾಳೆ

ಹುಣಸೂರಿನ ತರಬೇತಿಯ ಮೊದಲ ದಿನವೇ ಪುಷ್ಪಾಗೆ ಅಳುವ ಮಗುವಿನ ಪಾತ್ರ ಸಿಕ್ಕಿತು. ಹತ್ತೊಂಬತ್ತು ವರ್ಷ ಅಂಗನವಾಡಿಯಲ್ಲಿ ಅಳುವವರನ್ನು ಸುಮ್ಮನಾಗಿಸಿದವಳಿಗೆ ಈಗ ಇಲಾಖೆ ಅಳುವುದನ್ನು ಕಲಿಸಲು ಹೊರಟಿತ್ತು! ಕೊರಳಿಗೆ ಬ್ಯಾಡ್ಜು, ಕೈಗೊಂದು ನೋಟ್‌ಬುಕ್ಕು, ಹೊಟ್ಟೆಗೆ ಆರಿದ ಉಪ್ಪಿಟ್ಟು. ಮೂವತ್ತು ಜನ ಟೀಚರುಗಳು ಸುತ್ತ ಕೂತು ನಗಲು ಕಾದಿದ್ದರು.

ಅವಳಿಗೆ ಅಳು ಬರಲಿಲ್ಲ. ಸುಳ್ಳಳುವೂ ಬರಲಿಲ್ಲ. ಮೂರು ತಿಂಗಳಿಂದ ಅವಳೊಳಗೆ ಏನೋ ಮರಗಟ್ಟಿತ್ತು. ವೀರನಹೊಸಹಳ್ಳಿ ಕಡೆಯ ಅವಳ ಊರಿನಲ್ಲಿ ರೂಪಶ್ರೀ ಎಂಬವಳು ನಾಲ್ಕು ವರ್ಷದ ಮಗ ಚಂದುವನ್ನು ಅಂಗನವಾಡಿಗೆ ಬಿಟ್ಟು, ಕಾಡಂಚಿಗೆ ಹುಲ್ಲು ಕೊಯ್ಯಲು ಹೋದವಳು ಆನೆಯ ಕಾಲಿಗೆ ಸಿಕ್ಕಿ ಸತ್ತಿದ್ದಳು. ಸುದ್ದಿ ಬಂದಾಗ ಪುಷ್ಪಾ ಮೊಟ್ಟೆ ಸುಲಿಯುತ್ತಿದ್ದಳು. ಉಳಿದವನ್ನೂ ಸುಲಿದು ಮಕ್ಕಳಿಗೆ ಹಂಚಿದಳು. ಬಾಗಿಲ ಕಡೆ ನೋಡುತ್ತಿದ್ದ ಚಂದುವಿಗೆ, "ಅಮ್ಮ ಈಗ ಬತ್ತಾಳೆ, ತಿನ್ನು" ಅಂದಳು. ಅವನ ಅಜ್ಜಿ ಮಾಯಮ್ಮನೂ ಹಾಗೇ ಹೇಳುತ್ತಿರಿ ಎಂದಿದ್ದಳು. ಅಂದಿನಿಂದ ದಿನವೂ ಅದೇ ಮಾತು, ಹಾಜರಿ ಕೂಗಿದಷ್ಟೇ ಸಲೀಸಾಗಿ.

ಟೀಚರ್ ಪಾತ್ರದ ಶಿವರುದ್ರಮ್ಮ ಪುಷ್ಪಾಳ ತಲೆ ಸವರಿ, "ಅಳ್ಬ್ಯಾಡ ಕಣವ್ವ, ನಿಮ್ಮಮ್ಮ ಈಗ ಬತ್ತಾಳೆ" ಅಂದಳು.

ತರಬೇತಿ ಕೊಡುವ ಗೌತಮಿ ಅಲ್ಲಿಗೇ ತಡೆದಳು. ಪುಷ್ಪಾಳ ಮಗಳ ವಯಸ್ಸಿನ ಹುಡುಗಿ. "ಹಾಗೆ ಹೇಳಬೇಡಿ ಮೇಡಂ. ಈಗ ಅಂದ್ರೆ ಮಗು ಈಗಿನಿಂದಲೇ ಕಾಯುತ್ತೆ. ಯಾವಾಗ ಬರ್ತಾರೋ ಅದನ್ನೇ ಹೇಳಿ."

"ಬರೋದೇ ಇಲ್ಲ ಅಂದ್ರೆ?" ಪುಷ್ಪಾ ಕೇಳಿದಳು.

ನಗಲು ಕಾದಿದ್ದವರು ತಣ್ಣಗಾದರು. ಗೌತಮಿ ಕೈಯಲ್ಲಿದ್ದ ಮಾರ್ಕರ್ ಕೆಳಗಿಟ್ಟಳು. "ಅದನ್ನೂ ಹೇಳಬೇಕು. ಹೇಳಿ, ಪಕ್ಕದಲ್ಲೇ ಕೂತ್ಕೋಬೇಕು."

ಹೇಳುವುದಕ್ಕೇನು, ಇವಳೇನು ಆ ಮಗುವಿನ ಮುಖ ನೋಡಿದ್ದಾಳೆಯೇ ಎಂದುಕೊಂಡಳು ಪುಷ್ಪಾ. ಆದರೂ ಬರೆದುಕೊಂಡಳು.

ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಮಾಯಮ್ಮನ ಜಗಲಿಗೆ ಹೋದಳು. "ಮಗೀಗೆ ಹೇಳ್ಬುಡ್ತೀನಿ ಕಣವ್ವ."

ಮುದುಕಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನನ್ ಬಾಯಲ್ಲಂತೂ ಬರಾಕಿಲ್ಲ. ನೀವೇ ಯೋಳ್ಬುಡಿ ಪುಷ್ಪಮ್ಮ" ಅಂದಳು.

ಪುಷ್ಪಾ ಒಳಗೆ ಹೋಗಿ ಚಂದುವಿನ ಪಕ್ಕ ಕೂತಳು. "ಚಂದು, ನಿಮ್ಮಮ್ಮ ಸತ್ತೋದ್ಲು ಕಣೋ. ಇನ್ನು ಬರಾಕಿಲ್ಲ. ನಾನು ಸುಳ್ಳು ಹೇಳ್ತಿದ್ದೆ."

ಅವನು ಅಳಲಿಲ್ಲ. ಅವಳಿಗೂ ಕಣ್ಣು ಒದ್ದೆಯಾಗಲಿಲ್ಲ. ಅವನು ಅವಳ ಕೊರಳಿನ ಬ್ಯಾಡ್ಜನ್ನು ಹಿಡಿದು ಹಿಂದುಮುಂದು ತಿರುಗಿಸುತ್ತಿದ್ದ. "ಇವತ್ತು ನೀವೂ ಬರ್ಲಿಲ್ಲ" ಅಂದ. "ನಾಳೆ ಬತ್ತೀರಾ ಮಿಸ್?"

ಬತ್ತೀನಿ ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಎಷ್ಟು ಸುಲಭದ ಮಾತು! ತರಬೇತಿ ಇನ್ನೂ ಎರಡು ದಿನವಿತ್ತು.

"ನಾಳೆ ಇಲ್ಲ. ನಾಳಿದ್ದೂ ಇಲ್ಲ." ಅವನ ಕೈ ಬಿಡಿಸಿ ಎರಡು ಬೆರಳು ಮಡಚಿ, ಮೂರನೆಯದನ್ನು ಹಿಡಿದಳು. "ಈ ದಿವ್ಸ ಬತ್ತೀನಿ."

ಚಂದು ಆ ಬೆರಳನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ದೀಪ ಹಚ್ಚಿದರೂ ಬಿಡಲಿಲ್ಲ, ತಟ್ಟೆ ಇಟ್ಟರೂ ಬಿಡಲಿಲ್ಲ. ಪುಷ್ಪಾ ಪಕ್ಕದಲ್ಲೇ ಕೂತಿದ್ದಳು. ಕೊನೆಗೆ ಮಾಯಮ್ಮನೇ ತುತ್ತು ಮಾಡಿ ಅವನ ಬಾಯಿಗಿಟ್ಟಳು.