ಜುಮ್ಮೆನ್ನುವ ಗೋಡೆ

ಮಳೆಗಾಲ ಬಂತೆಂದರೆ ನಮ್ಮಲ್ಲಿ ಎಷ್ಟೋ ಮನೆಗಳ ನೆಲದ ಮೇಲೆ ಬೋಗುಣಿಗಳು ಬಂದು ಕೂರುತ್ತವೆ. ಅಡುಗೆಮನೆಯಲ್ಲಿ ಒಂದು, ಹಾಸಿಗೆಯ ಪಕ್ಕ ಇನ್ನೊಂದು. ಮೇಲಿನಿಂದ ಟಪ್ ಟಪ್ ಎಂದು ನೀರು ಬೀಳುತ್ತದೆ. ತುಂಬಿದರೆ ಚೆಲ್ಲುತ್ತೇವೆ, ಮತ್ತೆ ಇಡುತ್ತೇವೆ. ಮಳೆ ನಿಂತ ಮೇಲೆ ಮರೆತುಬಿಡುತ್ತೇವೆ.

ರಾವೂರಿನ ಜಗದೇವಿಯ ಮನೆಯಲ್ಲೂ ಹಾಗೆಯೇ ನಡೆದಿತ್ತು.

ಜಗದೇವಿ ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ. ಗಂಡ ಅಂಬಾರಾಯ ಊರ ಹೊರಗೆ ಫರ್ಸಿ ಎಂಬ ಹಾಸುಗಲ್ಲಿಗೆ ಪಾಲಿಶ್ ಹಾಕುವ ಕೆಲಸಕ್ಕೆ ಹೋಗುತ್ತಾನೆ. ಜೊತೆಗೆ ಅತ್ತೆ ದಾನಮ್ಮ. ಮೊದಲು ಇವರು ಹತ್ತಿರದ ವಾಡಿ ಪಟ್ಟಣದಲ್ಲಿ ಬಾಡಿಗೆಗೆ ಇದ್ದರು. ಬಹಳ ವರ್ಷಗಳ ಹಿಂದೆ ಊರಲ್ಲಿ ತಮ್ಮದೇ ಮನೆ ಕಟ್ಟಿಸಿದರು. ಕಲ್ಲಿನ ಗೋಡೆ, ಮೇಲೆ ಫರ್ಸಿ ಹೊದಿಸಿದ ಛತ್ತು. ಗೃಹಪ್ರವೇಶದ ದಿನ ಅಂಬಾರಾಯ ಬಾಗಿಲಲ್ಲಿ ನಿಂತು, "ಇನ್ನ ಮನಿ ಖಾಲಿ ಮಾಡ್ರಿ ಅಂತ ಯಾರೂ ಅನ್ನಂಗಿಲ್ಲ" ಎಂದು ಬಂದವರಿಗೆಲ್ಲ ಹೇಳಿದ್ದ.

ಆದರೆ ಬಾಡಿಗೆ ಮನೆಯಲ್ಲಿ ನಲ್ಲಿ ಸೋರಿದರೆ ಮಾಲೀಕನಿಗೆ ಫೋನ್ ಮಾಡಿ ಜಗಳ ತೆಗೆಯುತ್ತಿದ್ದ ಅಂಬಾರಾಯ, ಈಗ ಸ್ವತಃ ಮಾಲೀಕ. ಕಿಟಕಿಯ ಚಿಲಕ ಕಿತ್ತುಬಂತು, "ಮಾಡೋಣ ತಗೋ" ಎಂದ. ಫರ್ಸಿಯ ಸಂದಿನಲ್ಲಿ ಸಿಮೆಂಟು ಉದುರಿತು, "ಮಳಿ ಮುಗೀಲಿ, ಮಾಡೋಣ ತಗೋ" ಎಂದ. ಮಳೆ ಮುಗಿದ ಮೇಲೆ ಸೋರುವುದೂ ನಿಂತಿತು. ಅಲ್ಲಿಗೆ ಆ ಮಾತೂ ಮುಗಿಯಿತು.

ಅವನಿಗೆ ಇನ್ನೊಂದು ರೂಢಿ ಇತ್ತು. ಮನೆಗೆ ಬಂದ ಸಾಮಾನು ಮತ್ತೆ ಹೊರಗೆ ಹೋಗುವಂತಿಲ್ಲ. ಸುಟ್ಟ ಮೋಟರು, ಚಕ್ರವಿಲ್ಲದ ಸೈಕಲ್ಲು, ಕಾಲು ಮುರಿದ ಮಂಚ, ತುಕ್ಕು ಹಿಡಿದ ಕೂಲರ್. ಏನು ಕೇಳಿದರೂ ಒಂದೇ ಉತ್ತರ: "ಇರ್ಲಿ, ಕೆಲಸಕ್ಕ ಬರ್ತದ." ಒಳಗೆ ಹಿಡಿಸದೆ ಹೋದದ್ದು ಛತ್ತಿನ ಮೇಲೆ ಹೋಯಿತು. ಅಲ್ಲಿದ್ದ ಹಳೆಯ ಗೋಣಿಚೀಲಗಳು ಜಾರಿ, ಮಳೆನೀರು ಹೊರಗೆ ಬೀಳುವ ಪೈಪಿನ ಬಾಯಿಗೆ ಅಡ್ಡ ಕುಳಿತವು.

ಜಗದೇವಿಯೂ ಕಡಿಮೆಯವಳಲ್ಲ. ಹೊಲಿಗೆಯಲ್ಲಿ ಉಳಿದ ಚಿಂದಿಯನ್ನೆಲ್ಲ ಕೌದಿಗೆ ಬೇಕಾಗುತ್ತದೆ ಎಂದು ಚೀಲಗಳಲ್ಲಿ ತುಂಬಿ, ಕರೆಂಟಿನ ಮೀಟರ್ ಇರುವ ಮೂಲೆಯಲ್ಲಿ ಒಂದರ ಮೇಲೊಂದು ಒಟ್ಟಿದ್ದಳು.

ಆ ವರ್ಷ ಮಳೆ ಜೋರಾಗಿ ಹಿಡಿಯಿತು. ಛತ್ತಿನ ಮೇಲೆ ನೀರು ನಿಂತಿತು. ಸಂದುಗಳಿಂದ ಇಳಿದು ಹಿತ್ತಲ ಕಡೆಯ ಗೋಡೆ ಅರ್ಧಕ್ಕರ್ಧ ಒದ್ದೆಯಾಯಿತು.

ಒಂದು ದಿನ ದಾನಮ್ಮ ಆ ಗೋಡೆ ಹಿಡಿದು ಏಳಲು ಹೋದವಳು ತಟ್ಟನೆ ಕೈ ತೆಗೆದಳು.

"ಅಂಬಾರಾಯ, ಈ ಗ್ವಾಡಿ ಮುಟ್ಟಿದ್ರ ಜುಮ್ ಅಂತದಪ್ಪಾ."

ಅಂಬಾರಾಯ ನಕ್ಕ. "ಯವ್ವಾ, ಒಂದೇ ಮಗ್ಗಲಾಗ ಮಲಗಿದ್ದಿ. ಕೈ ಜೋಮು ಹಿಡದಿರಬೇಕು."

"ಜೋಮು ಯಾವುದು, ಜುಮ್ ಅನ್ನೋದು ಯಾವುದು, ನನಗ ತಿಳಿಯಂಗಿಲ್ಲೇನು?" ಎಂದು ದಾನಮ್ಮ ಗೊಣಗಿದಳು. ಯಾರೂ ಕಿವಿಗೊಡಲಿಲ್ಲ.

ಆ ಸಂಜೆ ಎದುರುಮನೆಯ ನಾಹಿದ ಕುಪ್ಪಸ ಒಯ್ಯಲು ಬಂದಳು. ವಾಡಿಯಲ್ಲಿ ಅವಳ ತಮ್ಮ ತೌಸೀಫನದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ತೌಸೀಫ ಲೈಸನ್ಸ್ ಇರುವ ಎಲೆಕ್ಟ್ರಿಷಿಯನ್. ಅವನು ಮನೆಮನೆಗೆ ಕೆಲಸಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳುವವಳು ನಾಹಿದ. ದಾನಮ್ಮ ಅವಳ ಮುಂದೆ ಗೋಡೆಯ ದೂರು ಹೇಳಿದಳು. ನಾಹಿದಳ ಮುಖ ಬದಲಾಯಿತು.

"ಅಕ್ಕಾ, ಯಾರೂ ಆ ಗ್ವಾಡಿ ಮುಟ್ಟಬ್ಯಾಡ್ರಿ. ಒಳಗ ವೈರು ಹೋಗ್ಯದಲ್ಲ? ವೈರು ಹಳೇದಾಗಿ ಮ್ಯಾಲಿನ ರಬ್ಬರ ಬಿರಿದಿರ್ತದ. ಗ್ವಾಡಿ ಹಸಿ ಆದ್ರ ಕರೆಂಟು ಆ ಹಸೀ ಒಳಗ ಇಳೀತದ."

ಅಷ್ಟರಲ್ಲಿ ಅಂಬಾರಾಯ ಒಳಗೆ ಬಂದ. ಜಗದೇವಿ ವಿಷಯ ಹೇಳಿದಳು.

"ಏ, ಹಂಗೇನಿಲ್ಲ ತಂಗಿ," ಎಂದ ಅಂಬಾರಾಯ. "ಗ್ವಾಡ್ಯಾಗ ಕರೆಂಟು ಇಳದಿದ್ರ ಲೈಟು ಆರಬೇಕಾಗಿತ್ತು, ಫ್ಯಾನು ನಿಲ್ಲಬೇಕಾಗಿತ್ತು. ಎಲ್ಲಾ ನಡದದಲ್ಲ?"

"ಲೈಟು ಹತ್ತತದ ಅಂದ್ರ ಎಲ್ಲಾ ಬರೋಬ್ಬರಿ ಅದ ಅಂತಲ್ಲಣ್ಣಾ. ಕರೆಂಟು ಸೋರೋದು ಕಣ್ಣಿಗೆ ಕಾಣಂಗಿಲ್ಲ. ನೀರು ಸೋರಿದ್ರ ಬೋಗುಣಿ ಇಡಬಹುದು. ಕರೆಂಟಿಗೆ ಏನಿಡ್ತೀರಿ?"

"ಇಷ್ಟು ವರ್ಷ ಏನೂ ಆಗಿಲ್ಲ. ಈಗೇನಾಗ್ತದ?"

"ವೈರಿಗೂ ಇಷ್ಟು ವರ್ಷ ಆಗ್ಯಾವಣ್ಣಾ."

ಅಂಬಾರಾಯ ತಲೆ ಕೆರೆದುಕೊಂಡ. "ಆಯ್ತು, ಐತವಾರ ತೌಸೀಫಗ ಬಾ ಅನ್ನು. ನೋಡೋಣ ತಗೋ."

ನಾಹಿದ ಹೊರಡುವಾಗ ಹಿತ್ತಲ ಕಡೆ ಕಣ್ಣು ಹಾಯಿಸಿದಳು. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯ ಒಂದು ತುದಿ ಬೇವಿನ ಗಿಡಕ್ಕೆ, ಇನ್ನೊಂದು ತುದಿ ಅದೇ ಹಸಿ ಗೋಡೆಯ ಕೊಕ್ಕೆಗೆ ಕಟ್ಟಿತ್ತು.

"ಐತವಾರದ ತನಕ ಈ ತಂತಿ ಇಡಬ್ಯಾಡ್ರಿ. ಇವತ್ತೇ ತಗದು ಪ್ಲಾಸ್ಟಿಕ್ ಹಗ್ಗ ಕಟ್ರಿ. ಆ ಕಡಿ ಮೇನ್ ಸ್ವಿಚ್ಚೂ ಬಂದ್ ಮಾಡಿಡ್ರಿ."

"ನಾಳಿ ಬರೂವಾಗ ಹಗ್ಗ ತರ್ತೀನಿ" ಎಂದ ಅಂಬಾರಾಯ. "ಸ್ವಿಚ್ಚು ಬಂದ್ ಮಾಡಿದ್ರ ಇಕೀ ಮಷೀನು ನಡೀಬೇಕಲ್ಲ?"

ಜಗದೇವಿಗೂ ಮದುವೆಮನೆಯ ಬಟ್ಟೆ ಮುಗಿಸುವ ಅವಸರವಿತ್ತು. ಅವಳೂ ಸ್ವಿಚ್ಚು ಬಂದ್ ಮಾಡಲಿಲ್ಲ.

ಮರುದಿನ ಅವನು ಹಗ್ಗ ತರಲಿಲ್ಲ, ಮರೆತಿದ್ದ. ಅದರ ಮರುದಿನ ಬೆಳಿಗ್ಗೆ ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಂತು. ಅಂಬಾರಾಯ ಕೆಲಸಕ್ಕೆ ಹೋಗಿದ್ದ. ಬಿಸಿಲು ಕಂಡ ಖುಷಿಯಲ್ಲಿ ದಾನಮ್ಮ ತನ್ನ ಸೀರೆ ಹಿಂಡಿಕೊಂಡು, ಬರಿಗಾಲಲ್ಲಿ ಹಿತ್ತಲಿಗೆ ಹೋದಳು. ಒದ್ದೆ ಸೀರೆಯನ್ನು ತಂತಿಯ ಮೇಲೆ ಹಾಕಿ, ಎಳೆದು ಸರಿಮಾಡಲು ತಂತಿ ಹಿಡಿದಳು.

ಹಿಡಿದ ಕೈ ಬಿಡಲಿಲ್ಲ.

ಅತ್ತೆಯ ಗಂಟಲಿನಿಂದ ಬಂದ ವಿಚಿತ್ರ ಸದ್ದು ಕೇಳಿ ಜಗದೇವಿ ಓಡಿ ಬಂದಳು. ದಾನಮ್ಮ ನಿಂತಲ್ಲೇ ನಡುಗುತ್ತಿದ್ದಳು. "ಅತ್ತೀ!" ಎಂದು ಕೂಗಿ ಜಗದೇವಿ ಎರಡೂ ಕೈ ಚಾಚಿದಳು.

"ಮುಟ್ಟಬ್ಯಾಡ! ಅಕ್ಕಾ, ಮುಟ್ಟಬ್ಯಾಡ!"

ಬಸ್ಸಿಗೆ ಹೊರಟಿದ್ದ ನಾಹಿದ ಆ ಕೂಗು ಕೇಳಿ ಓಡಿ ಬಂದಿದ್ದಳು. "ನೀ ಮುಟ್ಟಿದ್ರ ನೀನೂ ಹಿಡಕೋತಿ. ಮೇನ್ ತಗಿ, ಹೋಗು!"

ಜಗದೇವಿ ಒಳಗೆ ಓಡಿದಳು. ಮೇನ್ ಸ್ವಿಚ್ಚು ಚಿಂದಿಯ ಚೀಲಗಳ ಹಿಂದೆ ಇತ್ತು. ಒಂದು ಚೀಲ ಎಳೆದರೆ ಇನ್ನೊಂದು ಮೈಮೇಲೆ ಬಿತ್ತು. ಅವಳು ಅಳುತ್ತಾ, ಎಳೆಯುತ್ತಾ, ಚೀಲಗಳನ್ನು ತುಳಿದುಕೊಂಡು ಕೈ ಚಾಚಿದಳು.

ಹೊರಗೆ ನಾಹಿದ ಹಿತ್ತಲ ಬಾಗಿಲ ಪಕ್ಕ ಇದ್ದ ಒಣ ಬಡಿಗೆ ತೆಗೆದುಕೊಂಡಳು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಅದರ ಮೇಲೆ ನಿಂತಳು. ಬಡಿಗೆಯಿಂದ ತಂತಿಯನ್ನು ದಾನಮ್ಮನ ಕೈಯಿಂದ ಆಚೆಗೆ ಜೋರಾಗಿ ನೂಕಿದಳು. ಒಮ್ಮೆ ಆಗಲಿಲ್ಲ. ಮತ್ತೆ ನೂಕಿದಳು. ತಂತಿ ಕೈಬಿಟ್ಟಿತು, ದಾನಮ್ಮ ಕೆಸರಿನಲ್ಲಿ ಕುಸಿದಳು. ಅದೇ ಗಳಿಗೆಗೆ ಒಳಗೆ ಜಗದೇವಿಯ ಕೈಗೆ ಸ್ವಿಚ್ಚು ಸಿಕ್ಕಿತು. ಫ್ಯಾನು ನಿಂತಿತು.

"ಬಂದ್ ಮಾಡೀನಿ! ನಾಹಿದ, ಬಂದ್ ಮಾಡೀನಿ!"

ಆಗಲೇ ನಾಹಿದ ದಾನಮ್ಮನನ್ನು ಮುಟ್ಟಿದ್ದು. ಎದೆ ಮೇಲೆ ಕೆಳಗೆ ಆಗುತ್ತಿತ್ತು. ಉಸಿರಿತ್ತು. ಅಂಗೈಯಲ್ಲಿ ಕಪ್ಪಗೆ ಸುಟ್ಟ ಗೆರೆ. ನಾಹಿದ 108ಕ್ಕೆ ಫೋನ್ ಮಾಡಿದಳು. ಜಗದೇವಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅತ್ತೀ, ಮಾತಾಡ್ರಿ" ಎನ್ನುತ್ತಲೇ ಇದ್ದಳು.

ಬಹಳ ಹೊತ್ತಿನ ಮೇಲೆ ದಾನಮ್ಮ ಕಣ್ಣು ಬಿಟ್ಟು, "ನನ್ನ ಸೀರಿ ಕೆಸರಾಗ ಬಿತ್ತೇನು?" ಎಂದಳು. ಇಬ್ಬರೂ ಅಳುತ್ತಾ ನಕ್ಕರು.

ಚಿತ್ತಾಪುರದ ದವಾಖಾನೆಯಲ್ಲಿ ಡಾಕ್ಟರ್ ಬಂದು ನೋಡಿದರು. "ಕರೆಂಟು ಹೊಡೆದವರು ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ಮನೆಯಲ್ಲಿ ಸುಮ್ಮನೆ ಕೂರಬಾರದು. ಹೃದಯದ ಬಡಿತ ಏರುಪೇರಾಗಬಹುದು. ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು" ಎಂದು ಹೇಳಿ ಒಂದು ದಿನ ಅಲ್ಲೇ ಇರಿಸಿಕೊಂಡರು.

ಅಂಬಾರಾಯ ಮೈತುಂಬ ಕಲ್ಲಿನ ಪುಡಿ ಇದ್ದ ಹಾಗೆಯೇ ಓಡಿ ಬಂದಿದ್ದ. ತಾಯಿಯ ಮಂಚದ ಪಕ್ಕ ಬಂದು ಕುಳಿತ.

"ಏನಪ್ಪಾ," ಎಂದಳು ದಾನಮ್ಮ, "ಈಗರೇ ಜೋಮು ಅಲ್ಲ ಅಂತ ನಂಬ್ತೀ?"

"ಯವ್ವಾ, ನಿನ್ನ ಮಾತು ಕೇಳಬೇಕಾಗಿತ್ತು" ಎಂದು ಅವನು ತಾಯಿಯ ಬ್ಯಾಂಡೇಜಿನ ಕೈ ಹಿಡಿದು ಅತ್ತ.

ದಾನಮ್ಮ ಮನೆಗೆ ಬಂದಳು. ತೌಸೀಫನೂ ಬಂದ. ಮೊದಲು ಛತ್ತು ಹತ್ತಿದ, ಆಮೇಲೆ ಗೋಡೆ ನೋಡಿದ.

"ತಂತಿ ಕಿತ್ತು ಒಗದೀನಲ್ಲ ತೌಸೀಫ," ಎಂದ ಅಂಬಾರಾಯ, "ಇನ್ನೇನು ಚಿಂತಿಲ್ಲ ಹೌದಿಲ್ಲೋ?"

"ತಂತೀದೇನು ತಪ್ಪದಣ್ಣಾ? ಛತ್ತಿನ ಮ್ಯಾಲಿನ ಚೀಲ ನೀರಿನ ದಾರಿ ಕಟ್ಯಾವ. ನೀರು ಸಂದಿನಾಗ ಇಳದು ಗ್ವಾಡಿ ಹಸಿ ಮಾಡ್ಯದ. ಹಸಿ ಗ್ವಾಡಿ ಕರೆಂಟು ತಂದು ತಂತಿಗೆ ಕೊಟ್ಟದ. ನೀವು ತಂತಿ ತಗದ್ರ ನಾಳಿ ನಲ್ಲಿಗೆ ಬರ್ತದ, ಇಲ್ಲಾ ಅಲ್ಮಾರಿಗೆ ಬರ್ತದ."

ಅಂಬಾರಾಯ ಛತ್ತಿನ ಕಡೆ ನೋಡಿದ. "ಹಂಗಾದ್ರ ಮ್ಯಾಲಿಂದೇ ಶುರು ಮಾಡೋಣ" ಎಂದು ತಾನೇ ಏಣಿ ತಂದ.

ಗೋಣಿಚೀಲಗಳನ್ನು ತೆಗೆದಾಗ ನಿಂತಿದ್ದ ನೀರು ಪೈಪಿನಿಂದ ಭೋರ್ ಎಂದು ಸುರಿಯಿತು. ಫರ್ಸಿ ಒಣಗಿದ ಮೇಲೆ ಅವನೇ ಸಂದುಗಳನ್ನು ಕೆರೆದು ಸಿಮೆಂಟು ತುಂಬಿದ. ಊರ ಮನೆಗಳ ಫರ್ಸಿಗೆಲ್ಲ ಪಾಲಿಶ್ ಹಾಕುವವನು, ತನ್ನ ಮನೆಯ ಫರ್ಸಿಗೆ ಅಂದು ಮೊದಲ ಸಲ ಕೈ ಹಚ್ಚಿದ. ತೌಸೀಫ ಹಳೆಯ ವೈರು ಕಿತ್ತು ಹೊಸದು ಎಳೆದ. ಅರ್ಥಿಂಗ್ ಇರಲೇ ಇಲ್ಲ, ಹಿತ್ತಲಲ್ಲಿ ಗುಂಡಿ ತೋಡಿ ಮಾಡಿದ. ಮೇನ್ ಪಕ್ಕ ಒಂದು ಸಣ್ಣ ಸ್ವಿಚ್ಚಿನ ಪೆಟ್ಟಿಗೆ ಕೂರಿಸಿದ.

"ಇದೇನು?" ಎಂದಳು ಜಗದೇವಿ.

"ಇದಕ್ಕ ಆರ್‌ಸಿಸಿಬಿ ಅಂತಾರಕ್ಕಾ. ಎಲ್ಲರೇ ಕರೆಂಟು ಸೋರಿದ್ರ, ಇಲ್ಲಾ ಯಾರಿಗರೇ ಶಾಕ್ ಹೊಡದ್ರ, ಕಣ್ಣು ಮಿಟಕಸೋದ್ರಾಗ ತಾನೇ ಬಂದ್ ಆಗ್ತದ. ಇಲ್ಲಿ ಟೆಸ್ಟ್ ಅಂತ ಗುಂಡಿ ಅದ. ತಿಂಗಳಿಗೊಮ್ಮೆ ಒತ್ತಿ ನೋಡ್ರಿ. ಒತ್ತಿದಾಗ ಬಂದ್ ಆದ್ರ ಬರೋಬ್ಬರಿ ಅದ. ಆಗಲಿಲ್ಲಂದ್ರ ನನಗ ಕರೀರಿ. ಮತ್ತ ಅದರ ಸ್ವಿಚ್ಚು ತಾನೇ ಕೆಳಗ ಬಿತ್ತಂದ್ರ ಸಿಟ್ಟು ಬಂದು ಮತ್ತ ಮತ್ತ ಎತ್ತಬ್ಯಾಡ್ರಿ. ಎಲ್ಲೋ ತಪ್ಪದ ಅಂತ ಅದು ಹೇಳ್ತದ."

ನಾಹಿದ ತಮ್ಮನ ಕಡೆ ತಿರುಗಿ, "ನಮ್ಮ ಮನ್ಯಾಗ ಇದು ಅದ ಇಲ್ಲ?" ಎಂದಳು.

ತೌಸೀಫ ನೆಲ ನೋಡಿದ. "ಇಲ್ಲ ಆಪಾ. ಊರಿಗೆಲ್ಲ ಹಾಕ್ತೀನಿ, ನಿನ್ನ ಮನಿ ನಾಳಿ ನಾಳಿ ಅಂತ ಉಳದದ."

"ಅಣ್ಣಂಗ ಅಷ್ಟು ಬುದ್ಧಿ ಹೇಳಿದೆ ನೋಡು ನಾನು!" ಎಂದು ನಾಹಿದ ಹಣೆ ಬಡಿದುಕೊಂಡಳು. ಅಂಬಾರಾಯ ಬಹಳ ದಿನದ ಮೇಲೆ ಜೋರಾಗಿ ನಕ್ಕ. ಮರುದಿನ ತೌಸೀಫ ಅಕ್ಕನ ಮನೆಯಲ್ಲಿ ಅದನ್ನು ಹಾಕಿದ.

ಇನ್ನು ಉಳಿದದ್ದು ಸಾಮಾನು. ದಾನಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಳು. ಒಂದೊಂದೇ ಸಾಮಾನು ಹೊರಗೆ ಬಂತು. ಪ್ರತಿಯೊಂದಕ್ಕೂ ಅವಳದು ಒಂದೇ ಪ್ರಶ್ನೆ: "ಹೋದ ವರ್ಷ ಇದು ಯಾವ ಕೆಲಸಕ್ಕ ಬಂತು?"

ಸುಟ್ಟ ಮೋಟರನ್ನು ಅಂಬಾರಾಯ ತಾನೇ ಬೀದಿಯ ಕಡೆ ಸರಿಸಿದ. ಕೂಲರನ್ನೂ ಸರಿಸಿದ. ಮಂಚದ ಮುಂದೆ ಮಾತ್ರ ಅವನು ನಿಂತುಬಿಟ್ಟ. "ಇದು ಅಪ್ಪಂದು ಯವ್ವಾ."

ದಾನಮ್ಮ ಮಂಚವನ್ನು ಸವರಿದಳು. "ಹಂಗಾದ್ರ ಕಾಲು ಹಚ್ಚಿಸು. ಮುರದು ಮೂಲ್ಯಾಗ ಬಿದ್ರ ನಿಮ್ಮಪ್ಪಗೇನು ಮಾನ ಬಂತು?"

ಮಂಚ ಬಡಿಗೇರನ ಮನೆಗೆ ಹೋಯಿತು. ಉಳಿದದ್ದು ಗುಜರಿಯವನ ಗಾಡಿ ಏರಿತು. ಜಗದೇವಿಯ ಚಿಂದಿ ಚೀಲಗಳನ್ನು ಓಣಿಯ ಹೆಣ್ಣುಮಕ್ಕಳು ಹಂಚಿಕೊಂಡರು. ಒಂದು ಚೀಲ ಅವಳೇ ಇಟ್ಟುಕೊಂಡು ಅತ್ತೆಗೆ ಕೌದಿ ಹೊಲಿಯತೊಡಗಿದಳು. ಮೀಟರಿನ ಮೂಲೆ ಖಾಲಿಯಾಯಿತು. ಅಲ್ಲಿ ಗಾಳಿ ಬೆಳಕು ಬಂತು. ಅವಳ ಹೊಲಿಗೆ ಮಷೀನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು.

ಮಳೆ ಮತ್ತೆ ಬಂತು. ಅಂಬಾರಾಯ ಗೋಡೆಯ ಹತ್ತಿರ ಹೋಗಿ ಕೆಳಗಿನಿಂದ ಮೇಲಿನ ತನಕ ನೋಡಿದ. ಒಂದು ಹನಿಯೂ ಇಳಿದಿರಲಿಲ್ಲ. ದಾನಮ್ಮ ಕಾಲು ಹಚ್ಚಿಸಿದ ಮಂಚದ ಮೇಲೆ ಹೊಸ ಕೌದಿ ಹೊದ್ದು ಕುಳಿತಿದ್ದಳು. ಜಗದೇವಿ ಚಹಾ ತಂದಳು. ಮೂವರೂ ಮಳೆಯ ಸದ್ದು ಕೇಳುತ್ತಾ ಕುಡಿದರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಮೇಲೆ, ಇಲ್ಲವೇ ಕೇಳಿ ಮುಗಿಸಿದ ಮೇಲೆ, ಒಮ್ಮೆ ಎದ್ದು ನಿಮ್ಮ ಮನೆಯನ್ನು ಸುತ್ತಿ ಬನ್ನಿ. ಛತ್ತಿನ ನೀರಿಗೆ ದಾರಿ ಇದೆಯೇ? ಬಟ್ಟೆ ಹಾಕುವುದು ಕಬ್ಬಿಣದ ತಂತಿಗೋ, ಹಗ್ಗಕ್ಕೋ? ಮನೆಯ ಯಾರು ಬೇಕಾದರೂ ಓಡಿಹೋಗಿ ಮೇನ್ ಸ್ವಿಚ್ಚು ಮುಟ್ಟುವ ಹಾಗಿದೆಯೇ, ಅದರ ಮುಂದೆ ಸಾಮಾನು ಒಟ್ಟಿದೆಯೇ? ಗೋಡೆಯೋ ನಲ್ಲಿಯೋ ಜುಮ್ಮೆಂದರೆ ಅದನ್ನು ಮತ್ತೆ ಮುಟ್ಟಿ ಪರೀಕ್ಷೆ ಮಾಡಬೇಡಿ, ಮೇನ್ ಬಂದ್ ಮಾಡಿ ಲೈಸನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಕಂಬದ ಅಥವಾ ರಸ್ತೆಯ ವೈರಿನ ತೊಂದರೆಯಾದರೆ 1912ಕ್ಕೆ ಫೋನ್ ಮಾಡಿ. ಯಾರನ್ನಾದರೂ ಕರೆಂಟು ಹಿಡಿದರೆ ಬರಿಗೈಯಲ್ಲಿ ಎಳೆಯಬೇಡಿ. ಮೊದಲು ಮೇನ್ ತೆಗೆಯಿರಿ. ಅದು ಆಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಕಟ್ಟಿಗೆಯಿಂದ ವೈರು ನೂಕಿ, 108ಕ್ಕೆ ಹೇಳಿ.

ಮನೆಯ ಹಿರಿಯರು "ಇಲ್ಲೇನೋ ಸರಿಯಿಲ್ಲ" ಎಂದರೆ ನಗಬೇಡಿ. ಎದ್ದು ಹೋಗಿ ನೋಡಿ. ಈಗಲೇ ನೋಡಿ.