ಕೋಳಿಯ ಕೆಳಗಿದ್ದ ಸುದ್ದಿ

ಸತತ ಮೂರು ವರ್ಷ ನಮ್ಮ ಓಟ್ಸ್ ಹೊಲಕ್ಕೆ ತುಕ್ಕು ರೋಗ ಬಡಿಯಿತು. ಎಲೆ ಮುಟ್ಟಿದರೆ ಬೆರಳಿಗೆ ಕಿತ್ತಳೆ ಪುಡಿ ಅಂಟುತ್ತಿತ್ತು. ಕಾಳು ಜೊಳ್ಳು, ಹುಲ್ಲನ್ನು ಹಸುವೂ ಮೂಸುತ್ತಿರಲಿಲ್ಲ. ಮೂರನೇ ವರ್ಷ ನನ್ನ ಗಂಡ ಕೈಚೆಲ್ಲಿದರು.

"ಸೋಮವಾರ ಟ್ರ್ಯಾಕ್ಟರ್ ತರ್ತೀನಿ. ಎಲ್ಲ ಉತ್ತು ಹಾಕಿ ಓಟ್ಸ್ ಸಹವಾಸವೇ ಬಿಟ್ಟುಬಿಡೋಣ," ಅಂದರು.

"ನನ್ನ ಕೋಳಿ ಪಟ್ಟಿ?" ಎಂದು ಅತ್ತೆ ಕೇಳಿದರು.

"ಅದನ್ನೂ ಸೇರಿಸಿ."

ಹೊಲದ ಅಂಚಿನಲ್ಲಿ ಅತ್ತೆ ಕೋಳಿಗಳಿಗೆಂದೇ ನಾಲ್ಕು ಮಾರು ಓಟ್ಸ್ ಬೆಳೆಯುತ್ತಿದ್ದರು. ಅದು ಅವರ ಪುಟ್ಟ ರಾಜ್ಯ. ಮಗ ತಾಯಿಯ ಮುಖ ನೋಡದೆ ಎದ್ದು ಹೋದರು. ಅತ್ತೆ ಅಂದು ಸರಿಯಾಗಿ ಊಟ ಮಾಡಲಿಲ್ಲ.

ಶನಿವಾರ ನನ್ನ ಗೆಳತಿ ಮೊಟ್ಟೆಗೆ ಬಂದಳು. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಅಕ್ಷರ ಕಂಡರೆ ಓದದೆ ಬಿಡುವವಳಲ್ಲ. ಕಾವಿಗೆ ಕೂತ ಕೋಳಿಯನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗಿನ ಕಾಗದವನ್ನು ಮೆಲ್ಲಗೆ ಎಳೆದಳು.

"ಇದೇನೇ? ಓಟ್ಸ್ ಸಂಶೋಧನಾ ಕೇಂದ್ರದ ಸುದ್ದಿಪತ್ರ. ಈ ತಿಂಗಳದ್ದು."

"ತಿಂಗಳು ತಿಂಗಳು ಬರುತ್ತೆ ಕಣೆ. ಒಳ್ಳೆ ದಪ್ಪ ಕಾಗದ, ಗೂಡಿಗೆ ಹಾಸ್ತೀನಿ," ಎಂದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಅವಳು ಗಟ್ಟಿಯಾಗಿ ಓದಿದಳು: 'ಸುತ್ತಲ ಬೆಳೆಗೆ ತುಕ್ಕು ಹಿಡಿದರೂ ಹಸಿರಾಗಿಯೇ ಉಳಿದ ಓಟ್ಸ್ ನಿಮ್ಮಲ್ಲಿದೆಯೇ? ಅದರ ಬೀಜವನ್ನೂ ರೋಗ ಬಂದ ಎಲೆಯನ್ನೂ ಕಳಿಸಿ. ಪರೀಕ್ಷೆ ಉಚಿತ. ಇಪ್ಪತ್ತನೇ ತಾರೀಖು ಕೊನೆ.'

ಅತ್ತೆ ಬಾಗಿಲಲ್ಲೇ ನಿಂತು, "ನನ್ನ ಪಟ್ಟಿ ಹಸಿರಾಗೇ ಇದೆಯಲ್ಲ," ಅಂದರು.

"ಅದು ಹೇಗಮ್ಮ?" ಎಂದಳು ಗೆಳತಿ.

"ಈ ಕಿತ್ತಳೆ ಧೂಳು ಮೊದಲಿಂದ್ಲೂ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬರ್ತಿತ್ತು, ಅಂಥ ಕಾಳು ಹಾಕಿದ್ರೆ ಕೋಳಿ ತಿನ್ನಲ್ಲ. ಅದಕ್ಕೆ ಪ್ರತಿ ವರ್ಷ ಹಸಿರು ಗಿಡದ ತೆನೆಯನ್ನೇ ನೋಡಿ ನೋಡಿ ಬೀಜಕ್ಕೆ ಇಟ್ಕೊಂಡೆ. ಇಪ್ಪತ್ತು ವರ್ಷ ಆಯ್ತೇನೋ."

ಅಷ್ಟರಲ್ಲಿ ಅಲ್ಲಿಗೆ ಬಂದ ಗಂಡ ನಕ್ಕರು. "ಸಂಶೋಧನೆ ಓದಿದವರ ಕೆಲಸ. ನಮ್ಮಂಥೋರು ಕಳಿಸಿದ್ದನ್ನ ಯಾರು ನೋಡ್ತಾರೆ?"

"ಅವರು ಕಳಿಸಿದ್ದನ್ನ ನೀವು ನೋಡಿದ್ರಾ, ಅಣ್ಣ?" ಎಂದಳು ಗೆಳತಿ.

 ಆ ಸಂಜೆಯೇ ಗಂಡ ತುಕ್ಕು ಹಿಡಿದ ಎಲೆ ಕಿತ್ತು, ಸೊಪ್ಪನ್ನು ಬಾಡದ ಹಾಗೆ ಕಟ್ಟುವಂತೆ ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಅತ್ತೆಯ ಬೀಜದ ಪೊಟ್ಟಣದ ಜೊತೆ ಕೇಂದ್ರವಿರುವ ಪಟ್ಟಣಕ್ಕೆ ಹೊರಟಿದ್ದ ಡೇರಿ ವ್ಯಾನಿನಲ್ಲಿ ಕಳಿಸಿದರು.

ಆದರೂ ಸೋಮವಾರ ಮೊದಲೇ ಹೇಳಿಟ್ಟಿದ್ದ ಟ್ರ್ಯಾಕ್ಟರ್ ಬಂತು. ಮುಕ್ಕಾಲು ಹೊಲ ಮಣ್ಣಾಯಿತು. ಆಗ ಫೋನ್ ಬಂತು, ಕೇಂದ್ರದ ಹೆಣ್ಣುಮಗಳು.

"ಬೀಜ ಚೆನ್ನಾಗಿದೆ. ಎಲೆ ಮಾತ್ರ ಕೊಳೆತುಹೋಗಿದೆ. ಬೇಜಾರು ಮಾಡ್ಕೋಬೇಡಿ, ಮೊದಲ ಸಲ ಎಷ್ಟೋ ಜನ ಹೀಗೇ ಮಾಡ್ತಾರೆ. ನೀರು ಹಾಕ್ಬೇಡಿ, ಪ್ಲಾಸ್ಟಿಕ್ ಬೇಡ. ಒಣ ಎಲೆ, ಕಾಗದದ ಲಕೋಟೆ. ತಾರೀಖು, ಊರು ಬರೀರಿ. ನಾಡಿದ್ದೇ ಕೊನೆ."

ಸುದ್ದಿಪತ್ರ ತೆಗೆದು ನೋಡಿದೆ. ಅದೆಲ್ಲ ಕೆಳಗಿನ ಮೂಲೆಯಲ್ಲಿ ಅಚ್ಚಾಗಿತ್ತು. ಕೋಳಿ ಅದರ ಮೇಲೆಯೇ ತನ್ನ ಸಹಿ ಹಾಕಿತ್ತು.

ನಾನು ಹೊಲಕ್ಕೆ ಓಡಿದೆ. ಉಳಿದಿದ್ದು ಮೂರು ಸಾಲು, ಅದರಾಚೆ ಅತ್ತೆಯ ಪಟ್ಟಿ. ಅತ್ತೆ ಅದರ ಮುಂದೆ ನಿಂತಿದ್ದರು. ನನ್ನ ಮಾತು ಕೇಳಿ ಗಂಡ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದರು. ತಾಯಿ, ಮಗ ಇಬ್ಬರೂ ಬಗ್ಗಿ ಎಲೆ ಆರಿಸಿದರು. ಮಾರನೇ ದಿನ ಗಂಡ ತಾವೇ ಕೇಂದ್ರಕ್ಕೆ ಹೋಗಿ ಲಕೋಟೆ ಕೊಟ್ಟು ಬಂದರು.

ಮುಂದಿನ ಹಂಗಾಮಿನಲ್ಲಿ ಕೇಂದ್ರದವರು ಅತ್ತೆಯ ಬೀಜವನ್ನು ಬೇರೆ ತಳಿಗಳ ಪಕ್ಕ ಬಿತ್ತಿ, ನಮ್ಮನ್ನು ಕರೆದರು. ಪಕ್ಕದ ಮಡಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಅತ್ತೆಯ ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ. ಹೊಸ ತಳಿ ಬರಲು ವರ್ಷಗಳೇ ಬೇಕಂತೆ. ಆದರೆ ಅದಕ್ಕೆ ತಾಯಿ ಬೀಜ ಅತ್ತೆಯದೂ ಆಗಬಹುದಂತೆ.

"ತುಂಬಾ ಉಪಕಾರ ಆಯ್ತಮ್ಮ," ಎಂದರು ಅಲ್ಲಿನ ದೊಡ್ಡ ವಿಜ್ಞಾನಿ.

"ಕೋಳಿಗೆ ಹೇಳಪ್ಪ," ಎಂದರು ಅತ್ತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಗಂಡ ತಾಯಿಯ ಕೈ ಹಿಡಿದುಕೊಂಡರು. "ನಿನ್ನ ಪಟ್ಟಿ ಉತ್ತು ಹಾಕ್ತಿದ್ನಲ್ಲಮ್ಮ."

"ಹಾಕಲಿಲ್ಲವಲ್ಲ," ಎಂದರು ಅತ್ತೆ.

ಈ ವರ್ಷ ನಮ್ಮ ಹೊಲದಲ್ಲಿ ಮತ್ತೆ ಓಟ್ಸ್ ಇದೆ, ಅತ್ತೆಯ ಬೀಜದ್ದೇ. ನನ್ನ ಗೆಳತಿಗೆ, ಫೋನ್ ಮಾಡಿದ ಆ ಹೆಣ್ಣುಮಗಳಿಗೆ, ನನ್ನ ಅತ್ತೆಗೆ ನಾನು ಋಣಿ. ಈಗ ಸುದ್ದಿಪತ್ರ ಬಂದರೆ ಮೊದಲು ಓದಿಸಿಕೊಳ್ಳುವವರು ಅತ್ತೆಯೇ.

ಅಕ್ಕ, ಅಣ್ಣ, ನಿಮ್ಮ ಮನೆಗೂ ಇಂಥ ಕಾಗದ ಬರುತ್ತಿರಬಹುದು. ಬೀಜದ ಸುದ್ದಿ, ತರಬೇತಿ, ಉಚಿತ ಪರೀಕ್ಷೆ, ಕೊನೆಯ ತಾರೀಖು ಎಲ್ಲ ಅದರಲ್ಲಿರುತ್ತದೆ. ಓದಲು ಬಾರದಿದ್ದರೆ ಸಂಘದಲ್ಲಿ ಓದಿಸಿಕೊಳ್ಳಿ. ನಿಮ್ಮ ಹೊಲದಲ್ಲಿ ಕಂಡದ್ದನ್ನು ಅವರಿಗೆ ತಿಳಿಸಿ. ಕಾಗದವನ್ನು ಕೋಳಿಗೆ ಆಮೇಲೆ ಹಾಸಿದರಾಯಿತು, ಅದೇನೂ ಬೇಡ ಅನ್ನುವುದಿಲ್ಲ.