ಕಪ್ಪು ಚೌಕಗಳ ತರಗತಿ

ಮನೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟಿದ್ದ ಅಜ್ಜಿ ಅಂಗಿಯ ಕಾಲರ್ ಒತ್ತುತ್ತಲೇ, ಗೂಡಿನಲ್ಲಿ ಒರಗಿಸಿಟ್ಟ ಫೋನಿನಿಂದ ಸಂಜೆ ಕಾಲೇಜಿನ ಆನ್‌ಲೈನ್ ಪಾಠ ಕೇಳುತ್ತಿದ್ದಳು. ಉಪನ್ಯಾಸಕಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು.

"ಇದೇ ಕೊನೆ ಪಾಠ ಇರಬಹುದು. ಕೇಳೋರೇ ಕಾಣದ ಕ್ಲಾಸಿಗೆ ಹಳೇ ವಿಡಿಯೊ ಸಾಕು ಅಂತಿದೆ ಕಾಲೇಜು. ನನಗೂ ಗೋಡೆ ಜೊತೆ ಮಾತಾಡಿದ ಹಾಗೇ ಆಗ್ತಿದೆ."

ಬಟ್ಟೆ ರಾಶಿ, ಮುಸುರೆ ಪಾತ್ರೆ, ಅಳುವ ಕೂಸು ಮೇಡಂ ಕಣ್ಣಿಗೆ ಬೀಳಬಾರದೆಂಬ ಮರ್ಯಾದೆಗೆ ವಿದ್ಯಾರ್ಥಿಗಳೆಲ್ಲರೂ ಕ್ಯಾಮೆರಾ ಮುಚ್ಚಿ ಕೂತಿದ್ದರು. ಆ ಮರ್ಯಾದೆಯೇ ಮೇಡಂ ಕೆಲಸಕ್ಕೆ ಕುತ್ತು ತಂದಿತ್ತು! ಕ್ಲಾಸು ಮುಚ್ಚುತ್ತಾರಂತೆ ಎಂಬ ಗಾಳಿಸುದ್ದಿ ಬಂದಾಗ, ಮುಚ್ಚಬೇಡಿ ಎಂದು ಎಲ್ಲರೂ ಸೇರಿ ಬರೆದ ಪತ್ರವೂ ಮೊದಲ ಹೆಸರು ಯಾರದೆಂಬ ಅಂಜಿಕೆಯಲ್ಲಿ ಅಜ್ಜಿಯ ಫೋನಿನೊಳಗೇ ಕೊಳೆಯುತ್ತಿತ್ತು.

ಅಜ್ಜಿ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಕ್ಯಾಮೆರಾ ತೆರೆದಳು.

"ಅಯ್ಯೋ ಅತ್ತೆ, ಮನೆ ಮಾನ ಹೋಗುತ್ತೆ!" ಸೊಸೆ ಕೂಗಿಕೊಂಡಳು.

"ದುಡಿಯೋರ ಮನೆ ಇರೋದೇ ಹೀಗೆ, ನೋಡಲಿ ಬಿಡೆ. ಮೇಡಂ, ನಾನಿದ್ದೀನಿ. ಏ ಲಾರಿ ಡ್ರೈವರಪ್ಪ, ಮುಖ ತೋರಿಸೋ! ಇಲ್ಲಿ ಯಾರೂ ನಿನ್ನ ಮದುವೆಗೆ ನೋಡೋಕೆ ಬಂದಿಲ್ಲ!"

ಡ್ರೈವರ್ ನಗುತ್ತಾ ಬನಿಯನ್ನಿನಲ್ಲೇ ಕಾಣಿಸಿಕೊಂಡ. ನರ್ಸಮ್ಮ ಕೂಸಿನ ಸಮೇತ ಬಂದಳು. ಒಂದೊಂದೇ ಕಪ್ಪು ಚೌಕ ಮುಖವಾಯಿತು. ಉಪನ್ಯಾಸಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮುಂದುವರಿಸಿ ಮೇಡಂ. ಯಾರು ನಿಲ್ಲಿಸ್ತಾರೋ ನಾವೂ ನೋಡೇಬಿಡ್ತೀವಿ!" ಎಂದಳು ಅಜ್ಜಿ.

ಅಜ್ಜಿ ಪತ್ರದಲ್ಲಿ ಎಲ್ಲರಿಗಿಂತ ಮೇಲೆ ತನ್ನ ಹೆಸರು ಸೇರಿಸಿದಳು. ಅಷ್ಟೂ ಮುಖಗಳು ತುಂಬಿದ್ದ ಆ ಪರದೆಯ ಚಿತ್ರವನ್ನು ಅದಕ್ಕೆ ಲಗತ್ತಿಸಿ, ಕಾಲೇಜಿಗೆ ಕಳುಹಿಸಿಯೇಬಿಟ್ಟಳು.